ಪಂಜರದ ಮಲ್ಲರೂ ಲೋಕಪ್ರಿಯತೆಯೂ

ಕಾವ್ಯನಾಟಕಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಪರದೇಶದ ಮಲ್ಲರ ಹೊಡೆದಾಟದ ಮಾತನ್ನೆತ್ತುವುದು ಉಚಿತವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಜನರ ಮನಸ್ಸು ಒಬ್ಬನ ಮೇಲೆ ನಿಲ್ಲುವುದೇಕೆ, ಅವನಿಗಿಂತ ಹೆಚ್ಚು ಬಲ್ಲ ಇನ್ನೊಬ್ಬನ ಮೇಲೆ ನಿಲ್ಲದಿರುವುದೇಕೆ ಎಂಬ ಪ್ರಶ್ನೆಯು ನಾಯಕನೆಂದರೆ ಯಾರು ಎಂಬ ಪ್ರಶ್ನೆಯೇ ಆಗಿರುವುದು. ಅದು ನಮ್ಮ ಅಲಂಕಾರಶಾಸ್ತ್ರದ ಹಳೆಯ ಪ್ರಶ್ನೆ. ಅದನ್ನು ರಾಜಸಭೆಯಲ್ಲಿ ಕೇಳಿದರೂ ಒಂದೇ, ಮಲ್ಲರಂಗದಲ್ಲಿ ಕೇಳಿದರೂ ಒಂದೇ.

ನನಗೆ ಈ ಪ್ರಶ್ನೆಯನ್ನು ಹಾಕಿದವನು ನನ್ನ ಮೊಮ್ಮಗ. ರಜದ ದಿನಗಳಲ್ಲಿ ಅವನು ಮೊಬೈಲಿನಲ್ಲಿ ಈ ಕಾಳಗಗಳನ್ನು ನೋಡುತ್ತಿರುವನು. ಮೊದಮೊದಲು ಗದರಿಸಿದೆನು, ಬಳಿಕ, ಗದರಿಸುವುದಕ್ಕೆ ಮುಂಚೆ ನೋಡುವುದು ನ್ಯಾಯವೆಂದು ಪಕ್ಕದಲ್ಲಿ ಕುಳಿತೆನು. ಒಂದು ದಿನ ಅವನು, "ತಾತ, ಇವನು ಎಲ್ಲರನ್ನೂ ಗೆದ್ದವನು, ಆದರೆ ನನ್ನ ಗೆಳೆಯರಿಗೆ ಇವನ ಹೆಸರೇ ಗೊತ್ತಿಲ್ಲ. ಆಗಾಗ ಸೋತ ಅವನ ಹೆಸರು ಎಲ್ಲರಿಗೂ ಗೊತ್ತು. ಅದೇಕೆ?" ಎಂದನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಡನೆ ಉತ್ತರ ಹೊಳೆಯಲಿಲ್ಲ. ಆ ಬಾಲಕನಿಗೆ ಸಲ್ಲಬೇಕಾದ ಉತ್ತರವನ್ನೇ ಇಲ್ಲಿ ವಿಸ್ತರಿಸುತ್ತಿರುವೆನು.

ಮೊದಲು ಈ ಕಾಳಗದ ಸ್ವರೂಪವನ್ನು ತಿಳಿಯಬೇಕು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದು ಕರೆಯುವ ಈ ಮಿಶ್ರಮಲ್ಲಯುದ್ಧದಲ್ಲಿ ಮುಷ್ಟಿಪ್ರಹಾರ, ಪಾದಪ್ರಹಾರ, ಕುಸ್ತಿಯ ಹಿಡಿತ, ಕೀಲುಗಳನ್ನು ತಿರುಚಿಯೋ ಕೊರಳನ್ನೊತ್ತಿಯೋ ಎದುರಾಳಿಯಿಂದ ಸೋಲೊಪ್ಪಿಸುವ ವಿದ್ಯೆ, ಇವೆಲ್ಲವೂ ಕೂಡಿರುವುವು. ತಂತಿಯ ಬಲೆಯಿಂದ ಸುತ್ತುವರಿದ ಎಂಟು ಮೂಲೆಯ ಕಟ್ಟೆಯೇ ರಂಗ. ಜನರು ಇದನ್ನು ಪಂಜರವೆನ್ನುವರು. ಐದೈದು ನಿಮಿಷಗಳ 3 ಸುತ್ತುಗಳು, ಪಟ್ಟದ ಹೋರಾಟವಾದರೆ 5 ಸುತ್ತುಗಳು. ಈ ಬಗೆಯ ಕಾಳಗಗಳನ್ನು ನಡೆಯಿಸುವ ಸಂಸ್ಥೆಗಳಲ್ಲಿ ಯು.ಎಫ್.ಸಿ. ಎಂಬುದು ಅತ್ಯಂತ ಪ್ರಸಿದ್ಧವಾದುದು. ಅದರ ಮೊದಲ ಪಂದ್ಯಮಾಲೆಯು 1993ನೆಯ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆಯಿತು. ಆಗ ತೂಕದ ವರ್ಗಗಳಿರಲಿಲ್ಲ. ಬ್ರೆಜಿಲಿನ ರಾಯ್ಸ್ ಗ್ರೇಸಿ ಎಂಬ ಕೃಶಕಾಯನು ಒಂದೇ ರಾತ್ರಿ ಮೂವರನ್ನು ಗೆದ್ದು ಆ ಮಾಲೆಯನ್ನು ಧರಿಸಿದನು. ಈ ರಂಗದ ಮೊದಲ ಜನಪ್ರಿಯ ವೀರನು ಅತ್ಯಂತ ಬಲಿಷ್ಠನಾಗಿ ಕಾಣುವವನಲ್ಲ, ತನ್ನ ಮನೆತನದ ವಿದ್ಯೆಯನ್ನು ದೊಡ್ಡ ಮೈಗಳೆದುರು ಒಡ್ಡಿ ನಿಂತವನು ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಇನ್ನು ಪೂರ್ವಪಕ್ಷಗಳು. ಗೆಲ್ಲುವವನೇ ಜನಪ್ರಿಯನಾಗುವನು, ಕೌಶಲವೇ ಕೀರ್ತಿಗೆ ಕಾರಣ ಎಂಬುದು ಮೊದಲನೆಯದು. ಕೇಳುವುದಕ್ಕೆ ನ್ಯಾಯವಾದ ಮಾತು; ಆದರೆ ನಿಲ್ಲುವುದಿಲ್ಲ. ಡಿಮೀಟ್ರಿಯಸ್ ಜಾನ್ಸನ್ ಎಂಬ ಅಮೆರಿಕದ ಮಲ್ಲನು 125 ಪೌಂಡಿನ ವರ್ಗದಲ್ಲಿ 2012ರಿಂದ 2018ರವರೆಗೆ ಪಟ್ಟವನ್ನು ಹಿಡಿದಿದ್ದನು. ಎಡೆಬಿಡದೆ 11 ಸಲ ಅದನ್ನು ಉಳಿಸಿಕೊಂಡನು. 2017ನೆಯ ಅಕ್ಟೋಬರಿನಲ್ಲಿ ನಡೆದ ಹನ್ನೊಂದನೆಯ ಕಾಳಗದಲ್ಲಿ ಎದುರಾಳಿಯನ್ನು ಮೇಲೆತ್ತಿ ಒಗೆಯುತ್ತ, ಅವನು ನೆಲ ಮುಟ್ಟುವಷ್ಟರಲ್ಲಿಯೇ ಅವನ ತೋಳನ್ನು ಸಿಕ್ಕಿಸಿ ಸೋಲೊಪ್ಪಿಸಿದನು. ಇದು ಶಿಲ್ಪಿಯ ಕೈಗೆ ಸಲ್ಲುವ ನೈಪುಣ್ಯ. ಹಾಗಿದ್ದೂ ಅವನ ಹೋರಾಟಗಳಿಗೆ ಜನ ಮುಗಿಬೀಳಲಿಲ್ಲ. 2018ರಲ್ಲಿ ಪಟ್ಟ ಕಳೆದುಕೊಂಡ ಕೆಲವೇ ತಿಂಗಳಲ್ಲಿ ಸಂಸ್ಥೆಯು ಅವನನ್ನು ಬೇರೊಂದು ಸಂಸ್ಥೆಯ ಮಲ್ಲನಿಗೆ ಬದಲಾಗಿ ಬಿಟ್ಟುಕೊಟ್ಟಿತು.

ಸ್ತ್ರೀಯರ ಕಾಳಗದಲ್ಲಿಯೂ ಇದೇ ಕಥೆ. ರೋಂಡಾ ರೌಸಿಯನ್ನು ಅರಿಯದವರಿಲ್ಲ. ಅವಳನ್ನು 2016ನೆಯ ಡಿಸೆಂಬರಿನಲ್ಲಿ 48 ಸೆಕೆಂಡುಗಳಲ್ಲಿ ಮಣಿಸಿದವಳು ಬ್ರೆಜಿಲಿನ ಅಮಾಂಡಾ ನುನೆಸ್. ಇವಳು 2018ರಲ್ಲಿ ಎರಡು ತೂಕದ ಪಟ್ಟಗಳನ್ನು ಒಟ್ಟಿಗೆ ಧರಿಸಿ, ಆ ಸಂಸ್ಥೆಯಲ್ಲಿ ಹಾಗೆ ಮಾಡಿದ ಮೊದಲ ಸ್ತ್ರೀಯಾದಳು. ಆದರೂ ರೌಸಿಯ ಹೆಸರು ಹೊಕ್ಕ ಮನೆಗಳಲ್ಲಿ ಎಷ್ಟೋ ಕಡೆ ನುನೆಸಳ ಹೆಸರು ಇಂದಿಗೂ ಹೊಕ್ಕಿಲ್ಲ. ಆದುದರಿಂದ ಕೌಶಲವು ಗೆಲುವಿಗೆ ಕಾರಣ. ಲೋಕಪ್ರಿಯತೆಗೆ ಅದೊಂದೇ ಕಾರಣವಲ್ಲ.

ಎಲ್ಲವೂ ಪ್ರಚಾರದ ಮಹಿಮೆ, ವ್ಯಾಪಾರಿಗಳು ಯಾರನ್ನು ಮೆರೆಯಿಸುವರೋ ಅವರೇ ಮೆರೆಯುವರು ಎಂಬುದು ಎರಡನೆಯ ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವುಂಟು. 2001ರಲ್ಲಿ 20 ಲಕ್ಷ ಡಾಲರಿಗೆ ಕೈಬದಲಾದ ಆ ಸಂಸ್ಥೆಯು 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾಯಿತೆಂದ ಮೇಲೆ ಅಲ್ಲಿ ವಣಿಗ್ಬುದ್ಧಿಗೆ ಕೊರತೆಯಿಲ್ಲವೆಂಬುದು ಸ್ಪಷ್ಟ. ಆದರೆ ಆ ಸಂಸ್ಥೆಯ ಏಳ್ಗೆಗೆ ತಿರುವಾದ ರಾತ್ರಿಯನ್ನು ನೋಡಿರಿ. 2005ನೆಯ ಏಪ್ರಿಲ್ 9ರಂದು ಲಾಸ್ ವೆಗಾಸಿನಲ್ಲಿ ಫಾರೆಸ್ಟ್ ಗ್ರಿಫಿನ್, ಸ್ಟೀಫನ್ ಬೊನಾರ್ ಎಂಬಿಬ್ಬರು ಒಂದು ಟೆಲಿವಿಷನ್ ಕಾರ್ಯಕ್ರಮದ ಅಂತಿಮ ಕಾಳಗದಲ್ಲಿ ಎದುರಾದರು. ಇಬ್ಬರೂ ಪಟ್ಟವೀರರಲ್ಲ. ಗ್ರಿಫಿನ್ ಅದಕ್ಕೆ ಮುಂಚೆ ಪೋಲೀಸು ಕೆಲಸದಲ್ಲಿದ್ದವನು. ಗೆದ್ದವನಿಗೆ ಮಾತ್ರ ಸಂಸ್ಥೆಯಲ್ಲಿ ಕೆಲಸದ ಒಪ್ಪಂದ ಎಂಬುದು ಪಂದ್ಯದ ನಿಯಮ. 15 ನಿಮಿಷಗಳ ಕಾಲ ಇಬ್ಬರೂ ಹಿಂದೆಗೆಯದೆ ಬಡಿದಾಡಿದರು. ತೀರ್ಪು ಗ್ರಿಫಿನ್ನನ ಪರವಾಯಿತು. ಆದರೆ ಯಜಮಾನರು ಸೋತವನಿಗೂ ಒಪ್ಪಂದವನ್ನು ಕೊಡಬೇಕಾಯಿತು. ವ್ಯಾಪಾರಿಯು ಒಬ್ಬ ವಿಜಯಿಯನ್ನು ಆರಿಸಲು ಹೋಗಿ, ನೋಡುವವರ ಹೃದಯವು ಇಬ್ಬರನ್ನು ಆರಿಸಿತು. ಪ್ರಚಾರವು ದೀಪವನ್ನು ಎತ್ತಿ ಹಿಡಿಯಬಲ್ಲುದು. ದೀಪಕ್ಕೆ ಎಣ್ಣೆಯನ್ನು ಸೃಷ್ಟಿಸಲಾರದು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಉದ್ದೀಪನವಿಭಾವ. ಆಲಂಬನವು ಬೇರೆಯೇ ಇರಬೇಕು.

ಹಾಗಾದರೆ ಆ ಆಲಂಬನವಾವುದು? ಅದು ಪಣವೆಂದು ನನಗೆ ತೋರುವುದು. ಕಾಳಗಕ್ಕಿಳಿಯುವವನು ಬಹುಮಾನದ ಹಣಕ್ಕೂ ಪಟ್ಟಕ್ಕೂ ಮೀರಿದ ಏನನ್ನೋ, ಸೋತರೆ ಮರಳಿ ಬಾರದಂಥದನ್ನು, ಎಲ್ಲರ ಕಣ್ಣೆದುರಿಗೆ ಒಡ್ಡಿರಬೇಕು. ಅದನ್ನು ನೋಡುವವನೂ ಕಂಡಿರಬೇಕು. ಆಗ ಬೀಳುವ ಒಂದೊಂದು ಪೆಟ್ಟೂ ಮೈಯ ಮೇಲೆ ಮಾತ್ರವಲ್ಲ, ಆ ಪಣದ ಮೇಲೆಯೂ ಬೀಳುವುದು. ಅದರ ನೋವು ದೂರದ ಊರಿನಲ್ಲಿ ಕುಳಿತವನಿಗೂ ತಾಗುವುದು. ಜಾನ್ಸನ್ನನು ಗೆದ್ದನು, ಆದರೆ ಸೋತರೆ ಏನಾಗುವುದೆಂಬ ಭಯವನ್ನು ನೋಡುವವನ ಎದೆಯಲ್ಲಿ ಬಿತ್ತಲಿಲ್ಲ. ಗ್ರಿಫಿನ್ ಮತ್ತು ಬೊನಾರರು ಹೊಟ್ಟೆಯ ಪಾಡನ್ನೇ ಕಟ್ಟೆಯ ಮೇಲಿಟ್ಟಿದ್ದರು. ರೌಸಿಯು ಒಡ್ಡಿದ ಪಣ ಇನ್ನೂ ದೊಡ್ಡದು. ಸಂಸ್ಥೆಯ ಅಧ್ಯಕ್ಷನೇ 2011ರಲ್ಲಿ, ಸ್ತ್ರೀಯರು ತನ್ನ ರಂಗದಲ್ಲಿ ಎಂದಿಗೂ ಹೋರಾಡರೆಂದು ಹೇಳಿದ್ದನು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜೂಡೋ ವಿದ್ಯೆಗಾಗಿ ಕಂಚಿನ ಪದಕ ಪಡೆದಿದ್ದ ಈ ತರುಣಿಯು 2013ನೆಯ ಫೆಬ್ರವರಿಯಲ್ಲಿ ಅದೇ ರಂಗದ ಮೊದಲ ಸ್ತ್ರೀಕಾಳಗವನ್ನು ಗೆದ್ದಳು. ಅವಳು ಸೋತರೆ ಸೋಲುವವಳು ಅವಳೊಬ್ಬಳಲ್ಲ, ಸ್ತ್ರೀಯರ ಕಾಳಗವೇ ನಗೆಪಾಟಲಾಗುವುದೆಂದು ಎಲ್ಲರೂ ಬಲ್ಲರು. ನುನೆಸಳು ಬರುವ ಹೊತ್ತಿಗೆ ಆ ಬಾಗಿಲು ತೆರೆದಿದ್ದಿತು. ತೆರೆದ ಬಾಗಿಲಿನಲ್ಲಿ ನಡೆದವಳು ಎಷ್ಟು ಬಲಶಾಲಿನಿಯಾದರೂ ಬಾಗಿಲನ್ನು ತಟ್ಟಿದವಳಷ್ಟು ಜನರ ನೆನಪಿನಲ್ಲಿ ನಿಲ್ಲುವುದು ಕಷ್ಟ.

ಪಣವೆಂದರೆ ಬಿಗಿದ ಮುಖವೇ ಇರಬೇಕೆಂದಿಲ್ಲ. ಜಪಾನಿನ ಕಾಝುಶಿ ಸಕುರಾಬನನ್ನು ನೋಡಿರಿ. ಅವನು ಪ್ರದರ್ಶನಕುಸ್ತಿಯ ವೃತ್ತಿಯಿಂದ ಬಂದವನು. ಸೋಲುಗೆಲುವುಗಳು ಮೊದಲೇ ಗೊತ್ತಾಗಿರುವ ಆಟವೆಂದು ಆ ವೃತ್ತಿಯನ್ನು ಹೀಗಳೆಯುವವರುಂಟು. 2000ನೆಯ ಮೇ 1ರಂದು ಟೋಕಿಯೋ ನಗರದಲ್ಲಿ ಅವನು ಮುಖವಾಡ ಧರಿಸಿ, ನಗೆಯಾಟವಾಡುತ್ತ ರಂಗಕ್ಕೆ ಬಂದು, ಮೇಲೆ ಹೇಳಿದ ರಾಯ್ಸ್ ಗ್ರೇಸಿಯೊಡನೆ 15 ನಿಮಿಷಗಳ 6 ಸುತ್ತು, ಎಂದರೆ 90 ನಿಮಿಷಗಳ ಕಾಲ ಹೋರಾಡಿದನು. ಕಡೆಗೆ ಗ್ರೇಸಿಯ ಪಕ್ಷದವರೇ ಟವೆಲ್ಲನ್ನೆಸೆದು ಸೋಲೊಪ್ಪಿದರು. ಅಷ್ಟಕ್ಕೆ ನಿಲ್ಲದೆ ಅದೇ ರಾತ್ರಿ ತನಗಿಂತ ಬಹಳ ಭಾರದ ಉಕ್ರೇನಿನ ಮಲ್ಲನೊಬ್ಬನೊಡನೆ ಮತ್ತೊಂದು ಸುತ್ತು ಕಾದಿ, ದಣಿದು ಮುಂದುವರಿಯಲಾರದೆ ಹೋದನು. ಜಪಾನೀಯರು ಅವನನ್ನು ಎದೆಗೊತ್ತಿಕೊಂಡುದು ಗೆದ್ದ ಒಂದು ಕಾಳಗಕ್ಕಾಗಿ ಮಾತ್ರವಲ್ಲ. ನಗುತ್ತ ಬಂದವನು ತನ್ನ ವೃತ್ತಿಯವರೆಲ್ಲರ ಮಾನವನ್ನು ಹೆಗಲ ಮೇಲೆ ಹೊತ್ತು ಬಂದಿದ್ದನೆಂಬುದಕ್ಕಾಗಿ.

ಇಲ್ಲಿಯೇ ನಮ್ಮ ರನ್ನನು ನೆನಪಿಗೆ ಬರುವನು. ಅವನ ಗದಾಯುದ್ಧದಲ್ಲಿ ವಿಜಯಿಯು ಭೀಮನು. ಕವಿಯ ಆಶ್ರಯದಾತನನ್ನು ಭೀಮನೊಡನೆಯೇ ಸಮೀಕರಿಸಲಾಗಿದೆ. ಹೀಗಿದ್ದೂ ತರಗತಿಯಲ್ಲಿ ಆ ಕಾವ್ಯವನ್ನು ಪಾಠ ಹೇಳಿದಾಗಲೆಲ್ಲ ಹುಡುಗರ ಮನಸ್ಸು ದುರ್ಯೋಧನನ ಬೆನ್ನ ಹಿಂದೆ ಹೋಗುತ್ತಿದ್ದುದನ್ನು ನಾನು ಕಂಡಿರುವೆನು. ಮಿತ್ರನನ್ನೂ ಸಹೋದರರನ್ನೂ ಕಳೆದುಕೊಂಡು ರಣರಂಗದಲ್ಲಿ ಒಬ್ಬನೇ ನಡೆಯುವ ಅರಸನಲ್ಲಿ ಇನ್ನು ಒಡ್ಡುವುದಕ್ಕೆ ತಾನೊಬ್ಬನೇ ಉಳಿದಿರುವನು. ಕೊಳದಿಂದ ಮೇಲೆದ್ದು ಬಂದಾಗ ಅದನ್ನೂ ಒಡ್ಡುವನು. ಗದೆಯ ಪೆಟ್ಟಿಗೆ ತೊಡೆ ಮುರಿಯಿತು, ಅಭಿಮಾನ ಮುರಿಯಲಿಲ್ಲ. ಜನರ ಪ್ರೀತಿಯು ಗೆಲುವಿನ ಲೆಕ್ಕವನ್ನಲ್ಲ, ಪಣದ ತೂಕವನ್ನು ಹಿಡಿದು ನಡೆಯುವುದೆಂಬುದನ್ನು ಆ ಕವಿಯು ಸಾವಿರ ವರ್ಷಗಳ ಹಿಂದೆಯೇ ಬಲ್ಲನು.

ಈಗ ಈ ರಂಗದಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರಾದ ಕಾನರ್ ಮ್ಯಾಕ್‌ಗ್ರೆಗರನ ವಿಚಾರಕ್ಕೆ ಬರೋಣ. ಐರ್ಲೆಂಡಿನ ಡಬ್ಲಿನ್ ನಗರದವನು, ಮೊದಲು ಕೊಳಾಯಿ ಕೆಲಸ ಕಲಿಯುತ್ತಿದ್ದವನು. ಇವನ ಪಣವು ಇವನ ಮಾತು. ಕಾಳಗಕ್ಕೆ ಮುಂಚೆಯೇ ತಾನು ಯಾವ ಸುತ್ತಿನಲ್ಲಿ ಗೆಲ್ಲುವೆನೆಂದು ಸಾರುವನು. ಎದುರಾಳಿಯನ್ನು ಹಾಸ್ಯದಿಂದಲೂ ಹೀಯಾಳಿಕೆಯಿಂದಲೂ ಕೆಣಕುವನು. ಹತ್ತು ವರ್ಷಗಳಿಂದ ಸೋಲನ್ನರಿಯದ ಬ್ರೆಜಿಲಿನ ಜೋಸೆ ಆಲ್ಡೋನನ್ನು ಮೊದಲ ಸುತ್ತಿನಲ್ಲೇ ಕೆಡವುವೆನೆಂದು ಹೇಳಿ, 2015ನೆಯ ಡಿಸೆಂಬರ್ 12ರಂದು 13 ಸೆಕೆಂಡುಗಳಲ್ಲಿ ಕೆಡವಿದನು. ಇಷ್ಟು ದೊಡ್ಡ ಮಾತನ್ನಾಡಿದವನು ಸೋತರೆ ಜಗತ್ತೇ ನಗುವುದು. ಆ ನಗೆಗೆ ತನ್ನನ್ನು ತಾನೇ ಒಡ್ಡಿಕೊಂಡುದರಿಂದಲೇ ಅವನನ್ನು ಪ್ರೀತಿಸುವವರೂ ದ್ವೇಷಿಸುವವರೂ ಒಂದೇ ಆಸಕ್ತಿಯಿಂದ ನೋಡಿದರು. 2016ನೆಯ ಮಾರ್ಚಿಯಲ್ಲಿ, 11 ದಿನಗಳ ಮುನ್ಸೂಚನೆಯ ಮೇಲೆ ಬಂದ ನೇಟ್ ಡಯಸ್ ಎಂಬವನಿಗೆ ಇವನು ಸೋತನು. ನೆಪಗಳನ್ನು ಹುಡುಕದೆ ಸೋಲನ್ನೊಪ್ಪಿ, ಅವನೊಡನೆಯೇ ಮರುಕಾಳಗವನ್ನು ಬೇಡಿ, ಆಗಸ್ಟಿನಲ್ಲಿ 5 ಸುತ್ತು ಹೋರಾಡಿ ಗೆದ್ದನು. ಸೋಲಿನಿಂದ ಇವನ ಕೀರ್ತಿಯು ಕುಗ್ಗುವುದರ ಬದಲು ಬೆಳೆಯಿತು. ಪಣವು ನಿಜವಾದುದೆಂದು ಆಗ ಜನಕ್ಕೆ ಖಾತ್ರಿಯಾಯಿತು.

ನಮ್ಮ ಶಾಸ್ತ್ರಕಾರರು ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಮ್ಯಾಕ್‌ಗ್ರೆಗರನು ಉದ್ಧತನೆಂದು ಯಾರೂ ಹೇಳಿಯಾರು. ಆದರೆ ನಾಲ್ಕೂ ಹೆಸರುಗಳ ಮೊದಲಲ್ಲಿ ಇರುವ ಪದವೊಂದೇ ಎಂಬುದನ್ನು ನಾವು ಸಾಮಾನ್ಯವಾಗಿ ಓದಿ ಮುಂದೆ ಹೋಗುವೆವು. ಉದ್ಧತನಾದರೂ ಸರಿಯೆ, ಶಾಂತನಾದರೂ ಸರಿಯೆ, ಮೊದಲು ಧೀರನಾಗಿರಬೇಕು. ಡಯಸನ ಎದುರು ಸೋತ ದಿನ ಆ ಧೀರತೆಯು ಇವನಲ್ಲಿ ಕಂಡಿತು. ಅದು ಕಳೆದುಹೋದುದು ಮುಂದೆ, ಇನ್ನೊಬ್ಬನ ಎದುರಿನಲ್ಲಿ.

ಆ ಇನ್ನೊಬ್ಬನು ಖಬೀಬ್ ನುರ್ಮಗೊಮೆದೊವ್. ರಷ್ಯದ ದಾಗೆಸ್ತಾನವೆಂಬ ಪರ್ವತಪ್ರಾಂತದವನು, ಬಾಲ್ಯದಿಂದ ತಂದೆಯೇ ಗುರುವಾಗಿ ಬೆಳೆದವನು, ಸೋಲನ್ನೇ ಅರಿಯದವನು. ಕುರಿಯ ಉಣ್ಣೆಯ ಸಾಂಪ್ರದಾಯಿಕ ಟೋಪಿಯನ್ನು ಧರಿಸಿ ಬರುವನು, ಮಾತು ಮಿತ. ಅವನು ಒಡ್ಡಿದ ಪಣವು ತಂದೆಯ ವಿದ್ಯೆ. 2018ನೆಯ ಏಪ್ರಿಲಿನಲ್ಲಿ ಮ್ಯಾಕ್‌ಗ್ರೆಗರನು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಅವನಿದ್ದ ಬಸ್ಸಿನ ಮೇಲೆ ಸಾಮಾನು ಸಾಗಿಸುವ ಕೈಗಾಡಿಯನ್ನೆಸೆದನು. ಗಾಜೊಡೆದು ಒಳಗಿದ್ದ ಬೇರೆ ಮಲ್ಲರಿಗೆ ಗಾಯವಾಯಿತು. ಬಳಿಕ ಎದುರಾಳಿಯ ತಂದೆಯನ್ನೂ ನಾಡನ್ನೂ ಮತವನ್ನೂ ಮಾತಿನಲ್ಲಿ ಎಳೆದು ತಂದನು. ಇಲ್ಲಿ ಪಣದ ಸ್ವರೂಪವೇ ಬದಲಾಯಿತೆಂಬುದನ್ನು ಸಹೃದಯರು ಗಮನಿಸಬೇಕು. ಹಿಂದೆ ಅವನು ಒಡ್ಡುತ್ತಿದ್ದುದು ತನ್ನ ಮಾನವನ್ನು. ಈಗ ಒಡ್ಡಿದುದು ಪರರ ಮಾನವನ್ನು. ಅಕ್ಟೋಬರ್ 6ರಂದು ಲಾಸ್ ವೆಗಾಸಿನಲ್ಲಿ ಖಬೀಬನು ನಾಲ್ಕನೆಯ ಸುತ್ತಿನಲ್ಲಿ ಅವನ ಕೊರಳನ್ನೊತ್ತಿ ಗೆದ್ದನು. ಆದರೆ ಗೆದ್ದ ಮರುಕ್ಷಣವೇ ಪಂಜರವನ್ನು ಹಾರಿ ಎದುರಾಳಿಯ ಕಡೆಯವರ ಮೇಲೆ ಎರಗಿದನು. ಶಾಂತನೂ ಉದ್ಧತನಾದನು. ನೆವಾಡ ರಾಜ್ಯದ ಕ್ರೀಡಾಮಂಡಲಿಯು ಮುಂದಿನ ಜನವರಿಯಲ್ಲಿ ಖಬೀಬನಿಗೆ 9 ತಿಂಗಳ ನಿಷೇಧವನ್ನೂ 5 ಲಕ್ಷ ಡಾಲರಿನ ದಂಡವನ್ನೂ, ಮ್ಯಾಕ್‌ಗ್ರೆಗರನಿಗೆ 6 ತಿಂಗಳ ನಿಷೇಧವನ್ನೂ 50 ಸಾವಿರ ಡಾಲರಿನ ದಂಡವನ್ನೂ ವಿಧಿಸಿತು.

ವೀರರಸದ ಸ್ಥಾಯಿಯು ಉತ್ಸಾಹ, ರೌದ್ರದ ಸ್ಥಾಯಿಯು ಕ್ರೋಧ ಎಂದು ಮೊದಲ ಪಾಠದಲ್ಲಿಯೇ ಕಲಿಯುವೆವು. ಎರಡರಲ್ಲಿಯೂ ಆಯುಧ ಒಂದೇ, ಪೆಟ್ಟು ಒಂದೇ, ಭೇದವು ಪಣದಲ್ಲಿದೆ. ತನ್ನದನ್ನು ಒಡ್ಡಿದವನಲ್ಲಿ ಉತ್ಸಾಹವು ಹುಟ್ಟುವುದು. ಪರರದನ್ನು ಒಡ್ಡಿದವನು ಕ್ರೋಧವನ್ನು ಹುಟ್ಟಿಸುವನು. ಈ ಭೇದವನ್ನು ಸಂಸ್ಥೆಯ ಲೆಕ್ಕಪುಸ್ತಕವು ಅರಿಯದು. ಮನೆಯಲ್ಲಿ ಕುಳಿತು ನೋಡುವುದಕ್ಕಾಗಿ ಆ ಕಾಳಗವನ್ನು ಸುಮಾರು 24 ಲಕ್ಷ ಮಂದಿ ಹಣ ತೆತ್ತು ಕೊಂಡರೆಂದು ವರದಿಯಾಯಿತು. ಅದುವರೆಗೆ ಆ ಸಂಸ್ಥೆಯಲ್ಲಿ ಅಷ್ಟು ಖರೀದಿ ಆಗಿರಲಿಲ್ಲ. ಹಗೆಯು ಅತ್ಯಂತ ಆಳವಾದಲ್ಲಿಯೇ ಹಣವು ಅತ್ಯಂತ ಹೆಚ್ಚಾಗಿ ಹರಿಯಿತು. ತರುಣ ಮಲ್ಲರು ಇದರಿಂದ ಯಾವ ಪಾಠವನ್ನು ಕಲಿತಿರಬಹುದೆಂದು ಹೇಳಬೇಕಾಗಿಲ್ಲ. ಪಾಠ ಹೇಳಿದವರು ಹಣ ತೆತ್ತ ನಾವು, ನೋಡುವವರು.

ಭರತಮುನಿಯು ಯುದ್ಧವನ್ನೂ ಮರಣವನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದು ವಿಧಿಸಿರುವನು. ರಂಗದ ಮೇಲೆ ಸುರಿಯುವುದು ನಿಜವಾದ ರಕ್ತವಾದರೆ ನೋಡುವವನು ರಸವನ್ನು ಮರೆತು ರಕ್ತವನ್ನೇ ನೋಡುವನೆಂಬ ಎಚ್ಚರವು ಆ ವಿಧಿಯ ಹಿಂದೆ ಇದ್ದಿರಬೇಕೆಂದು ನನ್ನ ಊಹೆ. ಪಂಜರದಲ್ಲಿ ಸುರಿಯುವುದು ನಿಜವಾದ ರಕ್ತವೇ. ಆದುದರಿಂದ ನಾಟಕದ ಪ್ರೇಕ್ಷಕನಿಗಿಂತ ಪಂಜರದ ಪ್ರೇಕ್ಷಕನಿಗೆ ಹೊಣೆ ಹೆಚ್ಚು. ಅವನು ಪೆಟ್ಟಿನ ಆಚೆಗೆ ಪಣವನ್ನು ನೋಡಬೇಕು; ಇಲ್ಲವಾದರೆ ಅವನು ಸಹೃದಯನಲ್ಲ, ಬೀದಿಯ ಜಗಳಕ್ಕೆ ಗುಂಪುಗೂಡಿದವನು. ಮಲ್ಲನೊಬ್ಬನನ್ನು ನಾಯಕನೆಂದು ಕರೆಯುವಾಗ ರಂಗದ ಹೊರಗಿನ ಅವನ ನಡೆಯನ್ನು ಮರೆಯಬೇಕೆಂಬ ನಿಯಮವೂ ಇಲ್ಲ. 2024ನೆಯ ನವೆಂಬರಿನಲ್ಲಿ ಡಬ್ಲಿನ್ನಿನ ಸಿವಿಲ್ ದಾವೆಯೊಂದರಲ್ಲಿ ಜ್ಯೂರಿಯು ಸ್ತ್ರೀಯೊಬ್ಬಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಮ್ಯಾಕ್‌ಗ್ರೆಗರನನ್ನು ಹೊಣೆಗಾರನೆಂದು ತೀರ್ಮಾನಿಸಿತು. ಜನಪ್ರಿಯತೆಯು ಗುಣದ ಪ್ರಮಾಣಪತ್ರವಲ್ಲವೆಂಬುದನ್ನು ಮೊಮ್ಮಗನಿಗೆ ಹೇಳುವಾಗ ಇದನ್ನೂ ಹೇಳಬೇಕಾಯಿತು.

ಅದೇ ಬಾಲಕನಿಗೆ ನಾನು ತೋರಿಸಿದ ಇನ್ನೊಂದು ಕಾಳಗವುಂಟು. 2020ನೆಯ ಜುಲೈ ತಿಂಗಳಲ್ಲಿ ಕೊರೋನಾ ರೋಗದ ಉಪದ್ರವದಿಂದ ಖಬೀಬನ ತಂದೆಯು ತೀರಿಕೊಂಡನು. ಅಕ್ಟೋಬರ್ 24ರಂದು ಅಬು ಧಾಬಿಯಲ್ಲಿ, ಜನಸಂದಣಿಯಿಲ್ಲದ ರಂಗದಲ್ಲಿ, ಅವನು ಜಸ್ಟಿನ್ ಗೇಚಿ ಎಂಬವನೊಡನೆ ಹೋರಾಡಿ ಎರಡನೆಯ ಸುತ್ತಿನಲ್ಲಿ ಗೆದ್ದನು. ಗೆದ್ದೊಡನೆ ರಂಗದ ನಡುವೆ ಮೊಳಕಾಲೂರಿ ಅತ್ತನು. ಸೋತವನೇ ಬಂದು ಸಂತೈಸಿದನು. ತಂದೆಯಿಲ್ಲದೆ ಇನ್ನು ಹೋರಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿರುವೆನೆಂದು ಹೇಳಿ, ಕೈಗವಸುಗಳನ್ನು ಕಳಚಿ ಅಲ್ಲಿಯೇ ಇಟ್ಟನು. 29 ಕಾಳಗಗಳು, 29 ಗೆಲುವುಗಳು. 2018ರಲ್ಲಿ ಪಂಜರ ಹಾರಿದವನೇ ಇವನು. ಅಂದು ಕ್ರೋಧವು ಗೆಲುವನ್ನು ಕೆಡಿಸಿತು. ಇಂದು ಶೋಕವು ಗೆಲುವನ್ನು ಶುದ್ಧಮಾಡಿತು. ನನ್ನ ಮೊಮ್ಮಗನು ಅಂದು ಮೊಬೈಲನ್ನು ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದನು. ಪೆಟ್ಟುಗಳನ್ನು ನೋಡಿ ಅವನು ಹಾಗೆ ಸುಮ್ಮನಾದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಪಣದ ಮಾತು ಬಂದಲ್ಲಿ ಭಾರತವನ್ನೋದಿದವರಿಗೆ ದ್ಯೂತಸಭೆಯು ನೆನಪಾಗದಿರದು. ಧರ್ಮರಾಯನು ತನ್ನ ಸಂಪತ್ತನ್ನೊಡ್ಡಿದಾಗ ಸಭೆಯು ನೋಡಿತು, ದ್ರೌಪದಿಯನ್ನೊಡ್ಡಿದಾಗಲೂ ನೋಡಿತು. ಆ ಪಣವನ್ನಿಡಲು ಅವನಿಗೆ ಅಧಿಕಾರವಿದ್ದಿತೇ ಎಂಬ ಪ್ರಶ್ನೆಯನ್ನು ಕಡೆಗೆ ದ್ರೌಪದಿಯೇ ಎತ್ತಬೇಕಾಯಿತು, ಹಿರಿಯರು ಸುಮ್ಮನಿದ್ದರು. ಜನಪ್ರಿಯತೆಯನ್ನು ಹಂಚುವ ಸಭೆಯಲ್ಲಿ ಇಂದು ಕುಳಿತಿರುವವರು ನಾವು. ಒಬ್ಬನನ್ನು ಮೆಚ್ಚುವ ಮುನ್ನ ಅವನು ಒಡ್ಡಿರುವುದು ತನ್ನದನ್ನೋ ಪರರದನ್ನೋ ಎಂದು ಕೇಳುವುದು ನಮಗೆ ಸೇರಿದ ಕೆಲಸ. ಇನ್ನು, ಬೊಬ್ಬೆಯಿಲ್ಲದೆ, ಹಗೆಯಿಲ್ಲದೆ, 11 ಸಲ ತನ್ನ ಪಟ್ಟವನ್ನು ಕಾಯ್ದ ಆ ಸಣ್ಣ ಮೈಯ ಜಾನ್ಸನ್ನನ ವಿಷಯದಲ್ಲಿ, ಪಣವು ಅವನಲ್ಲಿ ಇರಲಿಲ್ಲವೋ, ಅದನ್ನು ಕಾಣುವ ಕಣ್ಣು ನಮ್ಮಲ್ಲಿ ಇರಲಿಲ್ಲವೋ ಎಂದು ಈಚೆಗೆ ನನಗೆ ಸಂಶಯವಾಗಿದೆ. ವಿದ್ಯೆಯನ್ನು ಕಲಿತು ಅದನ್ನು ನಿಷ್ಕಳಂಕವಾಗಿ ನಡೆಯಿಸುವುದೂ ಒಂದು ದೊಡ್ಡ ಪಣವೇ ಅಲ್ಲವೆ? ಆ ಬಾಲಕನೂ ನಾನೂ ಮುಂದಿನ ರಜದಲ್ಲಿ ಅವನ ಕಾಳಗಗಳನ್ನು ಮೊದಲಿನಿಂದ ನೋಡುವುದೆಂದು ನಿಶ್ಚಯಿಸಿರುವೆವು. ಅಲಮತಿವಿಸ್ತರೇಣ.